ಉಸಿರುಂಡ ಮೆಣಸಿನಗಿಡ

ರಾಣೆಬೆನ್ನೂರಿನಲ್ಲಿ ಯಾವುದಕ್ಕೆ ಕೊರತೆ ಬಂದರೂ ಬಿಸಿಲಿಗೆ ಬಂದದ್ದಿಲ್ಲ. ನಲ್ಲಿಯ ನೀರಿಗೆ ಕಾಯಬೇಕು, ಕರೆಂಟಿಗೆ ಕಾಯಬೇಕು, ಕಸದ ಗಾಡಿಗಂತೂ ಕಾದು ಕಾದು ಕೂದಲು ಬೆಳ್ಳಗಾಗಬೇಕು. ಬಿಸಿಲು ಮಾತ್ರ ಬೆಳಗಾದರೆ ಸಾಕು, ಕರೆಯದೆಯೇ ಬಂದು ಅಂಗಳದಲ್ಲಿ ಕುಳಿತುಬಿಡುತ್ತದೆ. ಇಂಥ ಊರಿನಲ್ಲಿ ಒಬ್ಬ ಮನುಷ್ಯ ಮೆಣಸಿನ ಗಿಡಗಳನ್ನು ಖೋಲಿಯೊಳಗಿಟ್ಟು, ಕಿಟಕಿಗೆ ಪ್ಲಾಸ್ಟಿಕ್ ಬಡಿದು, ಟ್ಯೂಬ್‌ಲೈಟ್ ಹಚ್ಚಿ ಬೆಳೆಸಲು ಹೊರಟನೆಂದರೆ ಅವನಿಗೆ ತಲೆ ಕೆಟ್ಟಿರಬೇಕು, ಇಲ್ಲವೆ ಹೆಂಡತಿಯ ತವರಿನಲ್ಲಿ ಮರ್ಯಾದೆ ಹೋಗಿರಬೇಕು. ಶಂಭುಲಿಂಗನಿಗೆ ಆಗಿದ್ದು ಎರಡನೆಯದು.

ಅವನು ಊರಿನ ಒಂದು ಬೀಜದ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿದ್ದ. ಪೊಟ್ಟಣಕ್ಕೆ ಚೀಟಿ ಅಂಟಿಸುವುದು ಅವನ ಕೆಲಸ. ಚೀಟಿಯ ಮೇಲೆ ಟೊಮೆಟೊ ಚಿತ್ರ, ಬದನೆ ಚಿತ್ರ, ಸೌತೆಯ ಚಿತ್ರ. ದಿನವಿಡೀ ಅವನ್ನೇ ನೋಡಿ ನೋಡಿ, ನಾಡಿನ ಅರ್ಧ ಕಾಯಿಪಲ್ಲೆ ತನ್ನ ಕೈಯಿಂದಲೇ ಬೆಳೆಯುತ್ತಿದೆ ಎಂಬ ನಂಬಿಕೆ ಅವನಲ್ಲಿ ಬೇರುಬಿಟ್ಟಿತ್ತು. ಅವನ ಕೈಯಲ್ಲಿ ಒಂದು ತುಳಸಿಯೂ ಬದುಕಿರಲಿಲ್ಲ ಎಂಬುದು ಬೇರೆ ಮಾತು. ಚಹದಂಗಡಿಯಲ್ಲಿ ರೈತರು ಯಾರಾದರೂ ಎಲೆ ಮುದುಡುವ ರೋಗದ ಬಗ್ಗೆ ಮಾತೆತ್ತಿದರೆ ಅವನು ಗಂಟಲು ಸರಿಮಾಡಿಕೊಂಡು ಸಲಹೆ ಕೊಡುತ್ತಿದ್ದ. ಪುಣ್ಯಕ್ಕೆ ಯಾರೂ ಅದನ್ನು ಪಾಲಿಸುತ್ತಿರಲಿಲ್ಲ.

ಆ ವರ್ಷ, ಅಂದರೆ ಎರಡು ಸಾವಿರದ ಐದರ ಸುಮಾರಿಗೆ, ಕಂಪನಿಯ ವಿಜ್ಞಾನಿ ಪ್ರಾಣೇಶ ಅವರು ಮೀಟಿಂಗ್ ಹಾಲ್‌ನಲ್ಲಿ ಒಂದು ಉಪನ್ಯಾಸ ಕೊಟ್ಟರು. ಶಂಭುಲಿಂಗನನ್ನು ಕರೆದದ್ದು ಕುರ್ಚಿ ಹಾಕಲಿಕ್ಕೆ. ಹಾಕಿ ಮುಗಿಸಿ ಹಿಂದೆ ನಿಂತ. “ನಾವು ಉಸಿರು ಹೊರಗ ಬಿಡ್ತೀವಲ್ರೀ, ಅದರಾಗಿನ ಕಾರ್ಬನ್ ಡೈಆಕ್ಸೈಡ್ ಗಿಡಕ್ಕ ಊಟ ಇದ್ದಂಗ. ಹೊರದೇಶದಾಗ ಗಾಜಿನ ಮನಿಯೊಳಗ ಆ ಗ್ಯಾಸು ಹೆಚ್ಚಿಗೆ ಬಿಟ್ಟು ಭಾಳ ಫಸಲು ತಗೀತಾರ. ಆದರೆ...” ಎಂದು ಪ್ರಾಣೇಶರು ಬೆರಳೆತ್ತಿದರು. ಅಷ್ಟರಲ್ಲಿ ಮ್ಯಾನೇಜರು ಶಂಭುಲಿಂಗನನ್ನು ಚಹ ತರಲು ಓಡಿಸಿದರು. ವಿಜ್ಞಾನದಲ್ಲಿ ಇರುವುದೆಲ್ಲ ‘ಆದರೆ’ಯ ಮುಂದೆಯೇ ಇರುತ್ತದೆ. ಅವನು ಕಿಟ್ಲಿ ಹಿಡಿದು ತಿರುಗಿ ಬಂದಾಗ ಚಪ್ಪಾಳೆ ಬೀಳುತ್ತಿತ್ತು.

ಮುಂದಿನ ವಾರವೇ ಬ್ಯಾಡಗಿಯಲ್ಲಿ ಹೆಂಡತಿಯ ಅಣ್ಣ ಕೊಟ್ರೇಶನ ಮೊಮ್ಮಗನ ತೊಟ್ಟಿಲ ಕಾರ್ಯ. ಕೊಟ್ರೇಶ ಮೆಣಸಿನಕಾಯಿ ದಲಾಲಿ ಅಂಗಡಿಯವನು. ಅವನು ಸೀನಿದರೂ ಕೆಂಪಗೆ ಬರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಬೀಗರೆಲ್ಲ ಊಟಕ್ಕೆ ಕುಳಿತಾಗ ಅವನು ನಡುಮನೆಯಲ್ಲಿ ನಿಂತು ಕೂಗಿದ.

“ಬರ್ರಿ ಅಳಿಯಂದ್ರ, ಕುಂದ್ರಿ. ಇನ್ನೂ ಚೀಟಿ ಹಚ್ಚಾಕತ್ತೀರೋ, ಏನ್ ಪ್ರಮೋಷನ್ ಆಗಿ ಗೋಂದು ಕಲಸಾಕತ್ತೀರೋ?”

ಪಂಕ್ತಿಯ ತುದಿಯವರೆಗೆ ನಗು ಹೋಗಿ ತಿರುಗಿ ಬಂತು. ಶಂಭುಲಿಂಗ ಹೋಳಿಗೆ ಕೆಳಗಿಟ್ಟ. “ಕೊಟ್ರೇಶಣ್ಣ, ನೀವು ಮೆಣಸಿನಕಾಯಿ ಮಾರೋ ಮಂದಿ. ನಿಮಗ ಬೆಳಿಯೋದು ತಿಳಿಯಂಗಿಲ್ಲ. ಈಗಿನ ವಿಜ್ಞಾನದಾಗ ಹೊಲಾ ಬೇಕಾಗಿಲ್ಲ, ಬಿಸಲು ಬೇಕಾಗಿಲ್ಲ. ಒಂದು ಖೋಲಿ ಇದ್ರ ಸಾಕು. ಗ್ಯಾಸ್ ಬಿಟ್ಟು ಬೆಳಸ್ತಾರ.”

“ನೀವು ಗ್ಯಾಸ್ ಬಿಡೂದು ನಮಗ ಮೊದಲಿಂದ ಗೊತ್ತೈತಿ ಬಿಡ್ರಿ.”

“ನಾ ಬೆಳಸಿ ತೋರಿಸ್ತೀನಿ! ನಿಮ್ಮ ಬ್ಯಾಡಗಿ ಕಾಯಿನೇ! ನನ್ನ ಮನಿ ಖೋಲ್ಯಾಗ!”

“ಒಂದ ಒಂದು ಕಾಯಿ ಕೆಂಪಾಗಲಿ,” ಎಂದ ಕೊಟ್ರೇಶ, “ನನ್ನ ಅಂಗಡ್ಯಾಗ ದೇವರ ಫೋಟೋದ ಬಾಜೂಕ ನಿಮ್ಮ ಫೋಟೋ ಹಾಕಿ ದಿನಾ ಊದಿನಕಡ್ಡಿ ಹಚ್ಚತೀನಿ.”

ತುಪ್ಪ ಬಡಿಸುತ್ತಿದ್ದ ಅವನ ಹೆಂಡತಿ ಸುರೇಖಾಳ ಕೈ ಅಲ್ಲಿಯೇ ನಿಂತಿತು. ಊರಿಗೆ ಮರಳುವ ಬಸ್ಸಿನಲ್ಲಿ ಆಕೆ ಗಂಡನಿಗೆ ಒಂದೇ ಪ್ರಶ್ನೆ ಕೇಳಿದಳು.

“ಯಾವ ಖೋಲಿ ರೀ?”

ಏಕೆಂದರೆ ಮನೆಯಲ್ಲಿದ್ದದ್ದು ಅಡಿಗೆಮನೆ, ಪಡಸಾಲೆ, ಒಂದು ಖೋಲಿ. ಆ ಖೋಲಿ ಸುರೇಖಾಳದು. ಮದುವೆಯಾಗಿ ಬಂದ ಮೇಲೆ ವರ್ಷಗಟ್ಟಲೆ ಹೊರಗಿನ ಕಟ್ಟೆಯ ಮೇಲೆ ಮಷಿನ್ ಇಟ್ಟುಕೊಂಡು, ಸೀರೆಗೆ ಫಾಲು ಹಚ್ಚಿ, ಲಂಗ ಹೊಲಿದು, ಆ ದುಡಿಮೆಯಲ್ಲಿ ಗೋಡೆ ಎಬ್ಬಿಸಿ ಬಾಗಿಲು ಕೂಡಿಸಿಕೊಂಡಿದ್ದಳು. ಹೊರಗೆ ‘ಸುರೇಖಾ ಲೇಡೀಸ್ ಟೇಲರ್ಸ್’ ಎಂಬ ತಗಡಿನ ಬೋರ್ಡು. ಜಂಪರಿನ ಅಳತೆ ಕೊಡಬೇಕಾದರೆ ಹೆಣ್ಣುಮಕ್ಕಳು ಸೆರಗು ಸರಿಸಬೇಕು, ಸೆರಗು ಸರಿಸಬೇಕಾದರೆ ಮುಚ್ಚುವ ಬಾಗಿಲು ಇರಬೇಕು. ಆ ಬಾಗಿಲು ಬಂದ ಮೇಲೆಯೇ ಗಿರಾಕಿಗಳು ಬಂದರು, ಆಕೆಯ ಮುಖದ ಮೇಲೆ ಒಂದಿಷ್ಟು ಗತ್ತು ಬಂತು. ಶಂಭುಲಿಂಗನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದರಿಂದಲೇ ಅವನು ಕಿಟಕಿಯ ಹೊರಗೆ ನೋಡುತ್ತ ಕುಳಿತ.

“ಒಂದ ಕಾಯಿ ಕೆಂಪಾಗೂತನಕ ಅಷ್ಟ,” ಎಂದ ಕೊನೆಗೆ. “ಕೆಂಪಾದ ದಿನಾ ನಿಮ್ಮಣ್ಣ ಬಂದು ನೋಡ್ಲಿ. ಸಂಜೀಕ ನಿನ್ನ ಮಷಿನ್ ಒಳಗ. ಆಣಿ ಮಾಡ್ಲೇನು?”

“ಆಣಿ ಬ್ಯಾಡ. ಮಾತು ನೆನಪ ಇರಲಿ,” ಎಂದಳು ಸುರೇಖಾ.

ಹೀಗೆ ಮಷಿನ್ ಮತ್ತೆ ಕಟ್ಟೆಗೆ ಬಂತು. ಹತ್ತಿರದ ಹಲಗೇರಿಯಿಂದ ತಂದ ಮೆಣಸಿನ ಸಸಿಗಳು ಎಣ್ಣೆಡಬ್ಬಿಗಳಲ್ಲಿ ಕುಳಿತು ಒಳಗೆ ಹೋದವು. ಅಳತೆ ಕೊಡಲು ಬಂದ ಹೆಣ್ಣುಮಕ್ಕಳು ಕಟ್ಟೆ ನೋಡಿದರು, ರಸ್ತೆ ನೋಡಿದರು, ಸೈಕಲ್ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದ ಗಂಡಸರನ್ನು ನೋಡಿದರು. “ಇನ್ನೊಮ್ಮೆ ಬರತೀನಿ ಅಕ್ಕಾರ,” ಎಂದು ಹೋದವರು ಬಸ್‌ಸ್ಟ್ಯಾಂಡ್ ಕಡೆಯ ಹೊಸ ಟೇಲರ್ ಹತ್ತಿರ ಹೋದರು. ಸುರೇಖಾಳಿಗೆ ಉಳಿದದ್ದು ದಿಂಬಿನ ಚೀಲ ಮತ್ತು ಹರಿದ ಪ್ಯಾಂಟು.

ಒಳಗೆ ಸಸಿಗಳದೂ ಅದೇ ಪಾಡು. ಟ್ಯೂಬ್‌ಲೈಟಿನ ಕೆಳಗೆ ಅವು ಬಿಳಿಚಿಕೊಂಡು, ಕುತ್ತಿಗೆ ಉದ್ದ ಮಾಡಿ, ಯಾರಾದರೂ ಬಿಡಿಸಿಕೊಂಡು ಹೋಗುತ್ತಾರೇನೋ ಎಂದು ಬಾಗಿಲ ಕಡೆ ವಾಲಿದವು. ಪಕ್ಕದ ಮನೆಯ ಮುದುಕವ್ವ ಬಾಗಿಲಲ್ಲಿ ನಿಂತು ಇಣುಕಿದಳು. “ಹೊರಗ ಇಷ್ಟ ಬಿಸಲು ಬಿದ್ದೈತಲ್ಲೋ ಯಪ್ಪಾ, ಇವನ್ಯಾಕ ಜೇಲಿಗೆ ಹಾಕೀದಿ?”

“ನಿನಗ ತಿಳಿಯಂಗಿಲ್ಲ ಬಿಡಬೇ ಆಯಿ. ಇನ್ನೂ ಗ್ಯಾಸು ಕೊಟ್ಟಿಲ್ಲ.”

ಗ್ಯಾಸು ಎಲ್ಲಿ ಸಿಗುತ್ತದೆ? ಗೋಲಿ ಸೋಡಾದಲ್ಲಿ ಸಿಗುತ್ತದೆ. ಉಡಚಪ್ಪನ ಸೋಡಾ ಅಂಗಡಿಗೆ ಹೋಗಿ ಸಿಲಿಂಡರ್ ಕೇಳಿದ. ಉಡಚಪ್ಪ ಸಿಲಿಂಡರ್ ಕೊಡಲಿಲ್ಲ, ಒಂದು ಪೆಟ್ಟಿಗೆ ಸೋಡಾ ಕೊಟ್ಟ. ಶಂಭುಲಿಂಗ ಖೋಲಿಯಲ್ಲಿ ಕುಳಿತು ಒಂದೊಂದೇ ಬಾಟಲಿಯ ಗೋಲಿ ಒತ್ತಿ, ಪ್ರತಿಯೊಂದು ಗಿಡದ ಮೂಗಿನ ಹತ್ತಿರ ಹಿಡಿದ. ಗಿಡಕ್ಕೆ ಮೂಗು ಎಲ್ಲಿರುತ್ತದೆ ಎಂಬ ಬಗ್ಗೆ ಅವನಿಗೆ ತನ್ನದೇ ಅಂದಾಜಿತ್ತು. ಖಾಲಿ ಬಾಟಲಿ ಮರಳಿಸುವಾಗ ಉಡಚಪ್ಪ ನಾಲ್ಕು ಜನರೆದುರು ಕೇಳಿದ: “ಶಂಭಣ್ಣಾರ, ಗಿಡಕ್ಕ ಅಜೀರ್ಣ ಕಡಿಮಿ ಆತ್ರೀ? ನಿಂಬಿಹುಳಿ ಹಾಕಿ ಕೊಡ್ಲೇನು?”

ಅಲ್ಲಿಗೆ ಸೋಡಾ ನಿಂತಿತು. ಉಳಿದದ್ದು ಉಸಿರು. ಶಂಭುಲಿಂಗ ಡ್ಯೂಟಿಯಿಂದ ಬಂದವನೇ ಬಾಗಿಲು ಹಾಕಿಕೊಂಡು ಗಿಡಗಳ ನಡುವೆ ಕುಳಿತು ‘ಹಾ... ಹಾ...’ ಎಂದು ಬಿಡತೊಡಗಿದ. ತಲೆ ತಿರುಗಿ ಗೋಡೆಗೆ ಒರಗಿದಾಗ ಸುರೇಖಾ ಹೊರಗಿನಿಂದ ಕೂಗಿದಳು: “ಉಬ್ಬಸ ಬಂದೈತೇನ ರೀ? ಡಾಕ್ಟರ್ ಕಡೆ ಹೋಗೂಣೇನ?”

ಒಬ್ಬನ ಉಸಿರು ಸಾಲದು ಎಂಬುದು ಆಗ ಅವನಿಗೆ ಮನವರಿಕೆಯಾಯಿತು. ಬಹಳ ಜನ ಬೇಕು, ಅವರು ದಿನಾ ಬರಬೇಕು, ಬಾಗಿಲು ಮುಚ್ಚಿದ ಖೋಲಿಯಲ್ಲಿ ಗಂಟೆಗಟ್ಟಲೆ ಕುಳಿತು ಎದೆತುಂಬ ಉಸಿರು ಬಿಡಬೇಕು, ಅದಕ್ಕೆ ಕೂಲಿಯನ್ನೂ ಕೇಳಬಾರದು. ಇಂಥ ಜನ ಜಗತ್ತಿನಲ್ಲಿ ಬೇರೆ ಎಲ್ಲಿದ್ದಾರೋ ಗೊತ್ತಿಲ್ಲ, ನಮ್ಮ ಕಡೆ ಪ್ರತಿ ಓಣಿಯಲ್ಲೂ ಇದ್ದಾರೆ. ಅವರಿಗೆ ಭಜನಿ ಮಂಡಳಿ ಎನ್ನುತ್ತಾರೆ.

ಶಂಭುಲಿಂಗನ ಓಣಿಯ ಮಂಡಳಿಗೆ ಆಗ ಜಾಗವಿರಲಿಲ್ಲ. ಹಣಮಪ್ಪನ ಗುಡಿಯ ಜೀರ್ಣೋದ್ಧಾರವೆಂದು ಚಾವಣಿ ಕಿತ್ತವರು, ಮುಂದೆ ಯಾರ ಹೆಸರಿನ ಕಲ್ಲು ಹಾಕಬೇಕೆಂಬ ಜಗಳದಲ್ಲಿ ಹಾಗೆಯೇ ಬಿಟ್ಟಿದ್ದರು. ಮಂಡಳಿಯ ಹಿರಿಯ ಕರಬಸಪ್ಪ ಕಾಳಿನ ವ್ಯಾಪಾರಿ, ಹಾರ್ಮೋನಿಯಂ ಹೆಗಲಿಗೇರಿಸಿಕೊಂಡು ಕಟ್ಟೆ ಕಟ್ಟೆ ಅಲೆಯುತ್ತಿದ್ದ. ಶಂಭುಲಿಂಗ ಕೈಮುಗಿದು ತನ್ನ ಖೋಲಿಗೆ ಕರೆದಾಗ ಅವನ ಕಣ್ಣಲ್ಲಿ ನೀರೇ ಬಂತು.

“ಒಂದ ಮಾತು, ಕರಬಸಪ್ಪನೋರ. ಬಾಗಲಾ ಹಾಕ್ಕೊಂಡ ಹಾಡಬೇಕ್ರಿ. ಮಂದಿಗೆ ತ್ರಾಸ ಆಗಬಾರದಲ್ಲ.”

“ಎಂಥಾ ದೊಡ್ಡ ಗುಣಾ ರೀ ನಿಮ್ದು!”

“ಮತ್ತ ಗಿಡದ ಕಡೆ ಮಾರಿ ಮಾಡಿ ಕುಂದ್ರಬೇಕು.”

“ಗಿಡದಾಗೂ ಶಿವಾ ಅದಾನಂತ ತೋರಿಸಿಕೊಟ್ರಿ ನೀವು,” ಎಂದು ಕರಬಸಪ್ಪ ಹಾರ್ಮೋನಿಯಂ ಕೆಳಗಿಟ್ಟು ಕೈಮುಗಿದ.

ಶಂಭುಲಿಂಗ ಮಂಡಳಿಯನ್ನು ಭಕ್ತಿಯಿಂದ ಅಳೆಯಲಿಲ್ಲ, ಪುಪ್ಪುಸದಿಂದ ಅಳೆದ. ದೊಡ್ಡ ದನಿಯವರನ್ನು ಗಿಡದ ಮಗ್ಗುಲಿಗೆ ಕೂರಿಸಿದ. ಬಾಯಿ ಮುಚ್ಚಿಕೊಂಡು ದಿಮ್ಮು ಬಡಿಯುವವನನ್ನು ಮೂಲೆಗೆ ತಳ್ಳಿದ. ಯಾರಾದರೂ ಆಲಾಪ ಎಳೆದರೆ “ಇನ್ನೊಂದ ಸಲ, ಇನ್ನೂ ಉದ್ದ!” ಎಂದು ಕೂಗಿದ. ಅವರು ಬೆವರಿ ಬಸವಳಿದು ಎದ್ದು ಹೋಗುವಾಗ ಆ ಖೋಲಿಯ ಗಾಳಿಯನ್ನು ಒಬ್ಬನೇ ಮೂಸಿ ನೋಡಿ ತೃಪ್ತಿಪಟ್ಟ. ಓಣಿಯ ಜನ ಹೊರಗೆ ನಿಂತು, ಚೀಟಿ ಅಂಟಿಸುವ ಶಂಭು ಎಂಥಾ ದೈವಭಕ್ತನೆಂದು ಮಾತಾಡಿಕೊಂಡರು.

ಆಮೇಲೆ ನಡೆದದ್ದು ಮಾತ್ರ ಯಾರೂ ಎಣಿಸದ ಸಂಗತಿ. ಗಿಡಗಳು ಚೇತರಿಸಿಕೊಂಡವು. ಬಿಳಿಚಿದ ಎಲೆ ಕಡುಹಸಿರಾಯಿತು, ದಂಟು ಹೆಬ್ಬೆರಳ ಗಾತ್ರಕ್ಕೆ ಬಂತು, ಹೂವಾಯಿತು. ಶಂಭುಲಿಂಗ ಖೋಲಿಯಲ್ಲಿ ಎದೆಯುಬ್ಬಿಸಿ ತಿರುಗಾಡಿದ. ಹಿತ್ತಲ ಮೆಟ್ಟಿಲ ಮೇಲೆ ಆಗಾಗ ಮಣ್ಣು ಚೆಲ್ಲಿರುವುದನ್ನು ಕಂಡು ಇಲಿಗಳ ಕಾಟವೆಂದು ಬೋನು ತಂದಿಟ್ಟ. ಸುರೇಖಾಳ ಮುಂಗೈ ಮೇಲೆ ಕೆಂಪು ಗೀರು ಮೂಡಿದ್ದನ್ನೂ ಕಂಡ, ಇಸ್ತ್ರಿ ತಗುಲಿರಬೇಕೆಂದುಕೊಂಡ. ಒಂದು ಸಂಜೆ ಭಜನೆಯ ನಡುವೆ ಹೂವಿನಿಂದ ಒಂದು ಜೇನುಹುಳ ಎದ್ದು ಗುಂಯ್ ಎಂದಿತು. ಬಾಗಿಲು ಮುಚ್ಚಿದೆ, ಕಿಟಕಿಗೆ ಪ್ಲಾಸ್ಟಿಕ್ ಇದೆ, ಹುಳ ಎಲ್ಲಿಂದ ಬಂತು? ಕರಬಸಪ್ಪ ಹಾರ್ಮೋನಿಯಂ ನಿಲ್ಲಿಸಿ ಕಿವಿಗೊಟ್ಟ.

“ಶ್ರುತಿ ಹಿಡದೈತಿ!” ಎಂದ, ಹಾರ್ಮೋನಿಯಂನ ಕಪ್ಪು ಪಟ್ಟಿಯೊಂದನ್ನು ಒತ್ತಿ ತೋರಿಸುತ್ತ. “ಕಪ್ಪು ಎರಡು! ನನ್ನ ಶ್ರುತೀನ!”

ಮರುದಿನ ಮುದುಕವ್ವ ಅರಿಸಿನ ಕುಂಕುಮದ ಬಟ್ಟಲು ಹಿಡಿದು ಬಂದಳು. ಕತ್ತಲ ಖೋಲಿಯಲ್ಲಿ ತುಂಬಿ ನಿಂತ ಗಿಡ ನೋಡಿ, ಎಣ್ಣೆಡಬ್ಬಿಯ ಹಣೆಗೆ ಕುಂಕುಮವಿಟ್ಟು ಮಂಡಿಯೂರಿದಳು. ಎದ್ದಾಗ ಮೊಣಕಾಲು ನೋಯಲಿಲ್ಲ ಎಂದಳು. ಬೆಳಗ್ಗೆ ನೋವಿನೆಣ್ಣೆ ತಿಕ್ಕಿಸಿಕೊಂಡಿದ್ದೆನೆಂಬುದನ್ನು ಹೇಳಲು ಮರೆತಳು. ಸಂಜೆಯೊಳಗೆ ಓಣಿಯ ಎಲ್ಲ ಮೊಣಕಾಲುಗಳೂ ಶಂಭುಲಿಂಗನ ಮನೆಯ ಮುಂದೆ ಸಾಲು ನಿಂತವು.

ಶಂಭುಲಿಂಗನಿಗೆ ಹೆದರಿಕೆಯಾಯಿತು. ಅವನಿಗೆ ಬೇಕಾಗಿದ್ದು ಬೆಳೆಗಾರನೆಂಬ ಹೆಸರು, ಪೂಜಾರಿಯೆಂಬ ಹೆಸರಲ್ಲ. ಕರಬಸಪ್ಪನನ್ನು ಬದಿಗೆ ಕರೆದು ಖರೇ ಹೇಳಿಬಿಟ್ಟ.

“ಕರಬಸಪ್ಪನೋರ, ಇದರಾಗ ಮಹಿಮಾ ಏನೂ ಇಲ್ರಿ. ನೀವು ಹಾಡೂಮುಂದ ಉಸಿರು ಬಿಡ್ತೀರಲ್ಲ, ಅದನ್ನ ತಿಂದು ಬೆಳದಾವು. ಅದಕ್ಕ ನಿಮ್ಮನ್ನ ಕರದದ್ದು.”

ಕರಬಸಪ್ಪ ಕಣ್ಣು ಮುಚ್ಚಿದ. “ಉಸಿರು ಅಂದ್ರ ಏನು? ಪ್ರಾಣ. ಪ್ರಾಣ ಅಂದ್ರ ಯಾರು? ಶಿವಾ. ನಮ್ಮ ಪ್ರಾಣ ಶಿವಗ ಕೊಟ್ವಿ, ಶಿವಾ ಉಂಡಾ. ನೀವು ಹೇಳೂದೂ ಅದ ಆತಲ್ರೀ?”

“ಅಲ್ರೀ, ಅದು ಗ್ಯಾಸು...”

“ಸಣ್ಣ ಮಂದಿ ಗ್ಯಾಸು ಅಂತಾರ. ನಿಮ್ಮಂಥಾವರು ಹಂಗ ಅನ್ನಬಾರದು,” ಎಂದು ಕರಬಸಪ್ಪ ಅವನ ಕಾಲು ಮುಟ್ಟಿದ. ತನಗಿಂತ ಹಿರಿಯನೊಬ್ಬ ಕಾಲು ಮುಟ್ಟಿದ್ದು ಶಂಭುಲಿಂಗನ ಜೀವಮಾನದಲ್ಲಿ ಅದೇ ಮೊದಲು. ಗ್ಯಾಸಿನ ಮಾತು ಬಿಟ್ಟು ಅವನು ಕೈಯೆತ್ತಿ ಹರಸಿಬಿಟ್ಟ.

ಜನ ಸೇರಿದ ಕಡೆ ನಗರಸಭೆ ಸದಸ್ಯ ಫಕ್ಕೀರೇಶ ಬಾರದಿರುತ್ತಾನೆಯೇ? ಬಂದ, ಕೇಬಲ್ ಟೀವಿಯವರನ್ನು ಕರೆತಂದ, ನಿಂತ ಕಾಲಮೇಲೆ ಒಂದು ಕಮಿಟಿ ಮಾಡಿದ. ಅಧ್ಯಕ್ಷ ತಾನೇ ಆದ, ದರ್ಶನ ಸಂಜೆ ಭಜನೆಯ ಹೊತ್ತಿಗೆ ಮಾತ್ರ ಎಂದು ಸಾರಿದ. ಶಂಭುಲಿಂಗನನ್ನು ಗೌರವಾಧ್ಯಕ್ಷನನ್ನಾಗಿ ಮಾಡಿದರು, ಅಂದರೆ ಮಾತಾಡದೆ ನಡುವೆ ಕುಳಿತುಕೊಳ್ಳುವ ಕೆಲಸ ಕೊಟ್ಟರು. ಚಪ್ಪಲಿ ಬಿಡುವ ಜಾಗ ಬೇಕಾಯಿತು. ಕಟ್ಟೆಯ ಮೇಲಿದ್ದ ಹೊಲಿಗೆ ಮಷಿನನ್ನು ಇನ್ನೂ ಅತ್ತ, ಚರಂಡಿಯ ಪಕ್ಕಕ್ಕೆ ಸರಿಸಿದರು. ಸುರೇಖಾ ದಿನಾ ಒಳಗೆ ಬಂದು ಕಾಯಿಗಳನ್ನು ಮಾತ್ರ ನೋಡಿ ಹೋಗುತ್ತಿದ್ದಳು. ಅವು ಇನ್ನೂ ಹಸಿರಾಗಿದ್ದವು.

ಸುದ್ದಿ ಕೇಳಿ ಪ್ರಾಣೇಶರೂ ಬಂದರು. ಬೂಟು ಬಿಚ್ಚಿ ಒಳಗೆ ಬಂದು, ಟ್ಯೂಬ್‌ಲೈಟ್ ನೋಡಿ, ಎಲೆ ತಿರುವಿ ನೋಡಿ, ಶಂಭುಲಿಂಗನ ಕಿವಿಯಲ್ಲಿ ಕೇಳಿದರು: “ಖರೇ ಹೇಳ್ರಿ, ಬಿಸಿಲಿಗೆ ಇಡ್ತೀರೇನು?”

“ಇಲ್ರೀ ಸರ್! ದೇವರಾಣಿ! ನೀವು ಹೇಳಿದ್ದ ಗ್ಯಾಸ್ ಅಷ್ಟ. ಅವತ್ತ ನೀವು ‘ಆದರೆ’ ಅಂದಿದ್ರಲ್ರೀ, ಮುಂದ ಏನಿತ್ತು? ನಾ ಚಹಾಕ್ಕ ಹೋಗಿದ್ದೆ.”

“ಆದರೆ, ಸಾಕಷ್ಟು ಬೆಳಕು ಇಲ್ಲಂದ್ರ ಆ ಗ್ಯಾಸು ಎಷ್ಟು ಕೊಟ್ರೂ ಗಿಡಕ್ಕ ಉಪಯೋಗ ಇಲ್ಲ, ಅಂತಿತ್ತು. ಈ ಲೈಟಿನಾಗ ಇಂಥಾ ಕಾಯಿ ಆಗೂದು ಹೆಂಗೂ ಸಾಧ್ಯ ಇಲ್ಲ. ಇದನ್ನ ಮಂದಿಗೆ ಹೇಳಬೇಕ್ರಿ...” ಎನ್ನುತ್ತಿದ್ದಂತೆ ಬಾಗಿಲಲ್ಲಿ ಕಂಪನಿಯ ಮಾಲೀಕರು ಹೆಂಡತಿಯ ಸಮೇತ ಕೈಮುಗಿದು ನಿಂತದ್ದು ಕಂಡಿತು. ಪ್ರಾಣೇಶರ ಕೈಗಳು ತಾವಾಗಿಯೇ ಕೂಡಿಕೊಂಡವು. “ಆದರೆ, ಶ್ರದ್ಧಾ ಇದ್ದಲ್ಲಿ ಮಾತು ಬ್ಯಾರೆ,” ಎಂದು ಗಟ್ಟಿಯಾಗಿ ಹೇಳಿ, ಪ್ರಸಾದ ಹಿಡಿದು, ಬೂಟು ಕೈಯಲ್ಲೇ ತೆಗೆದುಕೊಂಡು ಹೋದರು. ವಿಜ್ಞಾನದ ಎರಡನೆಯ ‘ಆದರೆ’ಯೂ ಹೀಗೆ ಮುಗಿಯಿತು.

ಕಾಯಿ ಕೆಂಪಾಯಿತು. ಒಂದಲ್ಲ, ಗಿಡದ ತುಂಬ ಕೆಂಪಾದವು. ಉದ್ದನೆಯ, ಸುಕ್ಕುಗಟ್ಟಿದ, ಯಾವ ಪೇಟೆಯಲ್ಲೂ ತಲೆಯೆತ್ತಿ ಮಾರುವಂಥ ಬ್ಯಾಡಗಿ ಕಾಯಿ. ಸುರೇಖಾ ಅಂದು ಬೆಳಗ್ಗೆಯೇ ಮಷಿನ್ನಿಗೆ ಎಣ್ಣೆ ಹಾಕಿದಳು. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡಳು. ಅಣ್ಣನಿಗೆ ಎಸ್‌ಟಿಡಿ ಬೂತಿನಿಂದ ತಾನೇ ಫೋನ್ ಮಾಡಿ ಕರೆಸಿದಳು.

ಕೊಟ್ರೇಶ ಒಳಗೆ ಬಂದ. ಕಮಿಟಿ, ಮಂಡಳಿ, ಓಣಿ ಎಲ್ಲ ಸೇರಿತ್ತು. ಶಂಭುಲಿಂಗ ಈ ಗಳಿಗೆಯನ್ನು ಎಷ್ಟು ಸಲ ಮನಸ್ಸಿನಲ್ಲಿ ನೋಡಿದ್ದನೋ. ಕೊಟ್ರೇಶ ಒಂದು ಕಾಯಿ ಬೆರಳಲ್ಲಿ ತಿರುವಿದ, ಮೂಸಿದ, ಬಾಯಿ ತೆರೆದ. ಆಮೇಲೆ ಗಿಡದೆದುರು ಉದ್ದಕ್ಕೆ ಮಲಗಿ ನಮಸ್ಕಾರ ಹಾಕಿದ.

“ಕೊಟ್ರೇಶಣ್ಣ, ಫೋಟೋ...” ಎಂದ ಶಂಭುಲಿಂಗ ಮೆಲ್ಲಗೆ.

“ಹಾಕಸ್ತೀನ್ರೀ ಅಳಿಯಂದ್ರ! ಈ ಗಿಡದ್ದು ದೊಡ್ಡ ಫೋಟೋ ಹಾಕಸ್ತೀನಿ!”

“ನಂದು ಅಂದಿದ್ರಿ.”

“ನಿಮ್ಮ ಕೈಲೆ ಎಲ್ಲಿ ಆಕ್ಕಿತ್ತೋ ಮಾರಾಯ್ರ. ನಿಮ್ಮ ಕೈಲೆ ಇದು ಆಗಂಗಿಲ್ಲ ಅಂತ ಗೊತ್ತಿದ್ದಕ್ಕ ದೇವರ ಕೆಲಸಾ ಅಂತ ಖಾತ್ರಿ ಆತು,” ಎಂದ ಕೊಟ್ರೇಶ. ಸಭೆ ಹೌದೌದೆಂದು ತಲೆಯಾಡಿಸಿತು.

ಆಗ ಸುರೇಖಾ ಮುಂದೆ ಬಂದಳು. “ಅಣ್ಣ ನೋಡಿದಾ. ಕಾಯಿ ಕೆಂಪಾತು. ಇನ್ನ ನನ್ನ ಖೋಲಿ ನನಗ ಬಿಡ್ರಿ. ಮಷಿನ್ ಒಳಗ ಇಡಬೇಕು.”

ಫಕ್ಕೀರೇಶ ಮಗುವಿಗೆ ಹೇಳುವಂತೆ ನಕ್ಕ. “ಏನ್ ಮಾತಾಡ್ತೀಯವ್ವಾ ತಂಗಿ? ಇಲ್ಲಿ ಕತ್ತರಿ ಆಡಸಾಕ ಬರತೈತೇನು? ದೇವರ ಮುಂದ ಜಂಪರಿನ ಅಳತಿ ತಗೋತೀ?”

“ಅದು ದೇವರಲ್ರೀ. ಬಿಸಲು!” ಸುರೇಖಾಳ ದನಿ ಏರಿತು. “ಇವರು ಡ್ಯೂಟಿಗೆ ಹೋದ ಮ್ಯಾಲೆ ದಿನಾ ನಾನೇ ಡಬ್ಬಿ ಹೊತ್ತು ಮಾಳಿಗಿ ಮ್ಯಾಲೆ ಬಿಸಲಿಗೆ ಇಟ್ಟೇನಿ, ಇವರು ಬರೂದ್ರಾಗ ಇಳಿಸೇನಿ. ಲಗೂ ಕೆಂಪಾಗಲಿ, ನನ್ನ ಖೋಲಿ ನನಗ ಸಿಗಲಿ ಅಂತ. ನೋಡ್ರಿ ಇಲ್ಲಿ!” ಎಂದು ಮುಂಗೈ ಚಾಚಿದಳು. ಡಬ್ಬಿಯ ಅಂಚು ಕೊರೆದ ಗೀರುಗಳು ಎರಡೂ ಕೈಗಿದ್ದವು.

ಮುದುಕವ್ವ ಬಾಯಿ ಬಿಟ್ಟಳು. “ಖರೇ ಐತಿ. ನಾ ಕಂಡೇನಿ. ಮೆಣಸಿನಕಾಯಿ ಒಣಗಸಾಕತ್ತಾಳ ಅಂತ ಸುಮ್ಮನಿದ್ದೆ.” ಸುರೇಖಾಳ ಮುಖ ಅರಳಿತು. ಮುದುಕವ್ವ ಮುಂದುವರಿಸಿದಳು: “ಯವ್ವಾ ನನ್ನ ತಾಯಿ! ಅಂದ್ರ ದಿನಾ ದೇವರನ್ನ ಹೊತ್ತು ಮೆಟ್ಟಲಾ ಹತ್ತೀದಿ! ಎಂಥಾ ಪುಣ್ಯವಂತಿ!” ಎನ್ನುತ್ತ ಆಕೆಯ ಕಾಲಿಗೆ ಬಿದ್ದಳು. ಬಿದ್ದವಳನ್ನು ಎಬ್ಬಿಸಲು ಇಬ್ಬರು ಬೇಕಾದರು, ಮೊಣಕಾಲು ಹಿಡಿದುಕೊಂಡಿತ್ತು.

ಫಕ್ಕೀರೇಶ ರಾಜಕಾರಣಿ. ಸಭೆ ಎರಡಾಗುವ ವಾಸನೆ ಅವನಿಗೆ ಬಡಿಯಿತು. “ಶಂಭಣ್ಣಾರ, ನೀವು ಗೌರವಾಧ್ಯಕ್ಷರು. ನೀವು ಹೇಳ್ರಿ. ಬಿಸಲಿಂದ ಬೆಳದಾವೋ, ಭಜನಿಯಿಂದ ಬೆಳದಾವೋ? ಬಿಸಲು ಅಂದ್ರ ಇವತ್ತ ಚಾಪಿ ಸುತ್ತಿ ಹೋಗ್ತೀವಿ. ನಿಮ್ಮ ಮಾತಿಗೆ ಕಮಿಟಿ ಬದ್ಧ ಐತಿ.”

ಎಲ್ಲರೂ ಶಂಭುಲಿಂಗನನ್ನು ನೋಡಿದರು. ಅವನಿಗೆ ಮೆಟ್ಟಿಲ ಮೇಲಿನ ಮಣ್ಣು, ಜೇನುಹುಳ, ಕೈಮೇಲಿನ ಗೀರು ಎಲ್ಲ ಒಮ್ಮೆಲೇ ಅರ್ಥವಾದವು. ಆಕೆ ಹೇಳಿದ್ದು ಅಕ್ಷರಶಃ ಖರೇ ಎಂದು ತಿಳಿಯಿತು. ಆದರೆ ಕೊಟ್ರೇಶನ ಮೀಸೆಯ ಕೆಳಗೆ ಒಂದು ನಗು ಆಗಲೇ ಸಿದ್ಧವಾಗಿ ನಿಂತಿತ್ತು. ಬಿಸಿಲೆಂದರೆ ಆ ನಗು ಬಿಡುಗಡೆಯಾಗುತ್ತದೆ, ಬ್ಯಾಡಗಿಯಿಂದ ಹಾವೇರಿಯವರೆಗೆ ಎಲ್ಲ ಬೀಗರ ಪಂಕ್ತಿಯಲ್ಲೂ ಓಡಾಡುತ್ತದೆ. ಶಂಭುಲಿಂಗ ಹೆಂಡತಿಯ ಮುಖ ನೋಡದೆ ಗಿಡದ ಕಡೆ ತಿರುಗಿದ.

“ಎಲ್ಲಾ... ಅವನ ಇಚ್ಛಾ,” ಎಂದ.

ಹಾರ್ಮೋನಿಯಂ ಮೊಳಗಿತು. ಶಂಭುಲಿಂಗನಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಆದರೆ ಅಷ್ಟು ಜನ ಕೈಮುಗಿದಿರುವಾಗ ನಾಚಿಕೆಯನ್ನು ನುಂಗುವುದು ಕಷ್ಟವೇನಲ್ಲ. ಸುರೇಖಾ ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತ ಹೊರಗೆ ಹೋದಳು. ಅಂದೇ ಫಕ್ಕೀರೇಶ ಖೋಲಿಗೆ ಹೊಸ ಕೀಲಿ ಹಾಕಿಸಿದ. “ಅಕ್ಕಾರಿಗೆ ಇನ್ನ ಹೊರೋ ತ್ರಾಸ ಬ್ಯಾಡ, ಭಜನಿ ಐತಲ್ಲ,” ಎಂದು ಕೀಲಿಕೈಯನ್ನು ಕಿಸೆಗಿಳಿಸಿದ. ‘ಸುರೇಖಾ ಲೇಡೀಸ್ ಟೇಲರ್ಸ್’ ಬೋರ್ಡನ್ನು ಬಿಚ್ಚಿ, ಹಿಂದುಗಡೆ ಬಣ್ಣ ಬಳಿದು, ‘ಶ್ರೀ ಉಸಿರೇಶ್ವರ ಮಂದಿರ’ ಎಂದು ಬರೆಸಿ ಅಲ್ಲಿಯೇ ಬಡಿದರು. ತಗಡು ಗಟ್ಟಿಯಿತ್ತು.

ಗಿಡಗಳು ಕಮಿಟಿಯ ಠರಾವನ್ನು ಕೇಳಲಿಲ್ಲ. ಬಿಸಿಲು ತಪ್ಪಿದ ಕೆಲವೇ ದಿನಗಳಲ್ಲಿ ಎಲೆ ಹಳದಿಯಾಯಿತು. ದೇವರು ಅರಿಸಿನದ ಭಂಡಾರ ಆಡಿದ್ದಾನೆಂದು ಕರಬಸಪ್ಪ ಸಾರಿದ. ಎಲೆ ಉದುರಿತು, ಪ್ರಸಾದವೆಂದು ಹಂಚಿದರು. ಭಜನೆಯ ದನಿ ಇಮ್ಮಡಿಯಾಯಿತು, ದಮ್ಮಿಗೆ ಇಬ್ಬರು ಮೂರ್ಛೆ ಹೋದರು, ಅದನ್ನೂ ಮೈದುಂಬಿದ್ದೆಂದು ಬರೆದುಕೊಂಡರು. ಕೊನೆಗೆ ಎಣ್ಣೆಡಬ್ಬಿಗಳಲ್ಲಿ ಬರೀ ಕಡ್ಡಿ ಉಳಿದವು.

ಒಂದು ಮಧ್ಯಾಹ್ನ ಶಂಭುಲಿಂಗ ಮಾಳಿಗೆ ಹತ್ತಿದ. ಬಿಸಿಲಲ್ಲಿ ಗಚ್ಚು ಸುಡುತ್ತಿತ್ತು. ಅದರ ಮೇಲೆ ಡಬ್ಬಿಗಳ ತುಕ್ಕಿನ ಚೌಕಗಳು ಸಾಲಾಗಿ ಮೂಡಿದ್ದವು, ನಡುವೆ ಒಬ್ಬರು ತಿರುಗಾಡುವಷ್ಟು ಜಾಗ ಬಿಟ್ಟು. ಅವನು ಅಲ್ಲಿಯೇ ಕುಳಿತು, ಗಿಡ ಸತ್ತ ಮೇಲೆ ದೇವರೂ ಹೋಗುತ್ತಾನೆ, ಖೋಲಿ ಆಕೆಗೆ ಸಿಗುತ್ತದೆ ಎಂದು ಸಮಾಧಾನ ಮಾಡಿಕೊಂಡ. ಇಳಿದು ಬಂದು ಅದನ್ನೇ ಹೇಳಿದ. “ಎಲ್ಲಾ ಒಣಗ್ಯಾವು. ಇನ್ನ ಕಮಿಟಿಯವರು ಏನ್ ಇಟ್ಕೊಂಡು ಕುಂದರ್ತಾರ? ಈ ವಾರದಾಗ ನಿನ್ನ ಮಷಿನ್ ಒಳಗ.” ಸುರೇಖಾ ನಂಬಿದಳೋ ಇಲ್ಲವೋ, ಮಷಿನ್ನಿನ ಮೇಲಿನ ಚಪ್ಪಲಿಗಳನ್ನು ತೆಗೆದು ಅದನ್ನು ಒರೆಸಿದಳು.

ಆ ವಾರ ಟೆಂಪೋ ಬಂತು. ಬ್ಯಾಡಗಿಯ ಕೊಟ್ರೇಶ ಮುಂದೆ ಕುಳಿತಿದ್ದ, ಹಿಂದೆ ಹುಲ್ಲಿನ ನಡುವೆ ಆಳೆತ್ತರದ ಮೆಣಸಿನಗಿಡ. ಹಿತ್ತಾಳೆಯದು. ಎಲೆ ಹಿತ್ತಾಳೆ, ಕಾಯಿ ಹಿತ್ತಾಳೆ, ಕಾಯಿಗೆ ಮಾತ್ರ ಕೆಂಪು ಬಣ್ಣ. ಬುಡದಲ್ಲಿ ಕೊಟ್ರೇಶನ ಅಂಗಡಿಯ ಹೆಸರು ಕೊರೆದಿತ್ತು. ಅವನ ಅಂಗಡಿಯಲ್ಲಿ ಆಗಲೇ ‘ಉಸಿರೇಶ್ವರ ಬ್ರಾಂಡ್’ ಖಾರಪುಡಿ ಚೀಲಗಟ್ಟಲೆ ಹೋಗುತ್ತಿತ್ತಂತೆ. ಒಣಕಡ್ಡಿಗಳನ್ನು ಹೊಳೆಗೆ ಬಿಟ್ಟು ಬಂದರು. ಹಿತ್ತಾಳೆ ಗಿಡವನ್ನು ಖೋಲಿಯ ನಡುವೆ ಸಿಮೆಂಟು ಹಾಕಿ ನಿಲ್ಲಿಸಿದರು. ಹಾಲಿನ ಅಭಿಷೇಕವಾಯಿತು, ಫಕ್ಕೀರೇಶನ ಭಾಷಣವಾಯಿತು, ಕರಬಸಪ್ಪನ ಆಲಾಪ ಓಣಿ ದಾಟಿ ಕೇಳಿಸಿತು.

ಜನ ಹೋದ ಮೇಲೆ ಗಂಡ ಹೆಂಡತಿ ಇಬ್ಬರೇ ಹೊಸ್ತಿಲಲ್ಲಿ ನಿಂತರು. ಸುರೇಖಾ ಒಳಗೆ ಹೋಗಿ ಹಿತ್ತಾಳೆಯ ಎಲೆಯೊಂದನ್ನು ಮುಟ್ಟಿ ನೋಡಿದಳು, ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ತಿರುಗಿ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವಳಂತೆ ಕೇಳಿದಳು.

“ಇದು ಯಾವಾಗ ಒಣಗತೈತಿ ರೀ?”

ಶಂಭುಲಿಂಗ ಉತ್ತರ ಹೇಳಲೆಂದು ಉಸಿರೆಳೆದುಕೊಂಡ. ಎಳೆದುಕೊಂಡದ್ದನ್ನು ಹಾಗೆಯೇ ಹೊರಗೆ ಬಿಟ್ಟ.